ಕಥೆಯ ಕೆಳಗಿನ ‘ನೀತಿ’ ಸಾಲು ತೆಗೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಮಕ್ಕಳ ಪುಟದ ಬಗ್ಗೆ ಒಂದು ವಿನಂತಿ ಇದೆ. ಪ್ರತಿ ಕಥೆಯ ಕೆಳಗೆ ದಪ್ಪ ಅಕ್ಷರದಲ್ಲಿ ‘ನೀತಿ’ ಎಂದು ಒಂದು ಸಾಲು ಹಾಕುತ್ತೀರಿ. ದಯವಿಟ್ಟು ಆ ಸಾಲು ತೆಗೆಯಿರಿ. ಆ ಜಾಗದಲ್ಲಿ ಒಂದು ಪ್ರಶ್ನೆ ಹಾಕಿ. ಉತ್ತರ ಮಾತ್ರ ಹಾಕಬೇಡಿ.

ಮಕ್ಕಳು ಆ ಪುಟ ಓದುವುದನ್ನು ನಾನು ವಾರವಾರ ಕಣ್ಣಾರೆ ನೋಡುತ್ತೇನೆ. ಅದಕ್ಕೇ ಹೇಳುತ್ತಿದ್ದೇನೆ. ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಯಜಮಾನರು ತೀರಿಕೊಂಡ ಮೇಲೆ 11 ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಜೋಳದ ಡಬ್ಬಿ ಹಿಡಿದು ಬರುತ್ತಾರೆ. ಪಾಳಿ ಬರುವ ತನಕ ಕಾಯಬೇಕು. ಓದಲಿಕ್ಕೆ ಇರಲಿ ಅಂತ ಪುರವಣಿಯನ್ನು ಕಟ್ಟೆಯ ಮೇಲೆ ಇಟ್ಟಿರುತ್ತೇನೆ. ಅವರು ಮೊದಲು ಕೆಳಗಿನ ಸಾಲು ಓದುತ್ತಾರೆ. ‘ಸುಳ್ಳು ಹೇಳಬಾರದು.’ ‘ದುರಾಸೆ ಒಳ್ಳೆಯದಲ್ಲ.’ ಓದಿ, ‘ಇದು ಗೊತ್ತೈತಿ’ ಅಂತ ಪುಟ ತಿರುವುತ್ತಾರೆ. ಕಥೆ ಹಾಗೇ ಉಳಿದುಬಿಡುತ್ತದೆ. ಗೊತ್ತಿರುವುದನ್ನೇ ಹೇಳಲಿಕ್ಕೆ ಇಷ್ಟುದ್ದ ಬರೆದಿದ್ದಾರೆ ಅಂತ ಅವರಿಗೆ ಅನ್ನಿಸುತ್ತದೆ.

ಇದೇ ಮಕ್ಕಳು ಪ್ರಶ್ನೆ ಕೇಳುವುದನ್ನು ನೀವು ಒಮ್ಮೆ ನೋಡಬೇಕು. ಗಿರಣಿ ತಿರುಗುವಾಗ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಕರೆಂಟ್ ಹೋದಾಗ ಮಾತು ಶುರುವಾಗುತ್ತದೆ.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಹೀಗೇ ಕರೆಂಟ್ ಹೋಗಿತ್ತು. ಐದನೇ ಇಯತ್ತೆಯ ಒಬ್ಬ ಹುಡುಗಿಯ ಜೋಳ ಅರ್ಧ ಬೀಸಿ ನಿಂತಿತ್ತು. ಅವಳು ಡಬ್ಬಿಯಲ್ಲಿ ಕೈ ಆಡಿಸಿ ನೋಡಿದಳು. ತಳದಲ್ಲಿ ಬೇರೆ ಬಣ್ಣದ ಹಿಟ್ಟು ಇತ್ತು. ಅವಳಿಗಿಂತ ಮೊದಲು ಬೀಸಿದ್ದು ಗೋಧಿ. ಕಲ್ಲಿನಲ್ಲಿ ಉಳಿದದ್ದು ಇವಳ ಡಬ್ಬಿಗೆ ಬಿದ್ದಿತ್ತು.

‘ಆಯಿ, ಈ ಗೋಧಿ ಹಿಟ್ಟು ಯಾರದು?’ ಎಂದು ಕೇಳಿದಳು.

‘ಸ್ವಲ್ಪ ಬಂದೇ ಬರ್ತೈತಿ. ಏನೂ ಆಗೂದಿಲ್ಲ’ ಎಂದೆ.

‘ಏನಾಗ್ತೈತಿ ಅಂತ ಕೇಳಲಿಲ್ಲ ಆಯಿ. ಯಾರದು ಅಂತ ಕೇಳಿದೆ.’

ನಾನು ಸುಮ್ಮನಾದೆ. ಪಕ್ಕದಲ್ಲಿದ್ದ ಹುಡುಗ ಉತ್ತರ ಕೊಟ್ಟ. ‘ನಿಂದು ಸ್ವಲ್ಪ ಕಲ್ಲಿನಾಗ ಉಳಿತೈತಿ. ಅದು ನನಗ ಬರ್ತೈತಿ. ನಂದು ನನ್ನ ಹಿಂದಿನವರಿಗೆ ಹೋಗ್ತೈತಿ. ಎಲ್ಲಾರಿಗೂ ಸಮ ಆತು.’ ಎಲ್ಲರೂ ಹೌದು ಹೌದು ಎಂದರು. ಆಗ ಮೂರನೇ ಇಯತ್ತೆಯ ಒಂದು ಸಣ್ಣ ಹುಡುಗ ಬಾಯಿ ಬಿಟ್ಟ. ‘ಮುಂಜಾನೆ ಮೊದಲು ಬಂದವರಿಗೆ ಯಾರದೂ ಬರೂದಿಲ್ಲ. ಅವರದು ಮಾತ್ರ ಹೋಗ್ತೈತಿ.’ ಅವನು ಹೇಳಿದ್ದು ಸರಿ. ರಾತ್ರಿ ಗಿರಣಿ ಬಡಿದು ಸ್ವಚ್ಛ ಮಾಡಿರುತ್ತೇನಲ್ಲ. ಮೊದಲನೆಯವರಿಗೆ ಖಾಲಿ ಕಲ್ಲು. ‘ಹಂಗಾದ್ರ ಕಡೀಕ ಉಳಿದಿದ್ದು ಯಾರಿಗೆ?’ ಎಂದು ಹುಡುಗಿ ಕೇಳಿದಳು. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ದಿನಾ ಸಂಜೆ ಬಡಿದು ಗುಡಿಸಿದರೆ ಒಂದು ಸೇರಿನಷ್ಟು ಹಿಟ್ಟು ಸಿಗುತ್ತದೆ. ಜೋಳ, ಗೋಧಿ, ಸಜ್ಜೆ ಎಲ್ಲ ಕೂಡಿರುತ್ತದೆ. ಅದನ್ನು ನಮ್ಮ ಎಮ್ಮೆಗೆ ಹಾಕುತ್ತಿದ್ದೆ. ಯಜಮಾನರೂ ಹಾಗೇ ಮಾಡುತ್ತಿದ್ದರು. ಅದು ಯಾರದು ಅಂತ ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ. ಮಕ್ಕಳ ಮುಂದೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇದ್ದದ್ದು ಇದ್ದಂತೆ ಹೇಳಿದೆ. ಅರ್ಧ ತಾಸು ವಾದ ನಡೆಯಿತು. ‘ಗುಡಿಸಿದ್ದಕ್ಕ ಆಯಿಗೆ ಕೂಲಿ’ ಎಂದು ಒಬ್ಬ. ‘ಬೀಸಿದ್ದಕ್ಕ ಆಯಿ ರೊಕ್ಕ ತಗೊಂಡಾಳಲ್ಲ’ ಎಂದು ಇನ್ನೊಬ್ಬಳು. ‘ಎಮ್ಮಿ ತಿಂದ್ರ ತಪ್ಪಲ್ಲ, ಎಮ್ಮಿಗೆ ಗೊತ್ತಾಗೂದಿಲ್ಲ.’ ‘ಹಾಲು ಯಾರು ಕುಡೀತಾರ?’ ಕಡೆಗೆ ಪ್ರಶ್ನೆ ಎತ್ತಿದ ಹುಡುಗಿಯೇ ಹೇಳಿದಳು. ‘ಕೇಳದ ತಗೊಂಡ್ರ ಒಂಥರ. ಹೇಳಿ ತಗೊಂಡ್ರ ಒಂಥರ. ಆಯಿ, ನೀ ಹೇಳಿ ತಗೋ.’

ಮರುದಿನ ಗೋಡೆಗೆ ಒಂದು ಬೋರ್ಡ್ ಹಾಕಿದೆ. ‘ಗಿರಣಿಯಲ್ಲಿ ಉಳಿದ ಹಿಟ್ಟನ್ನು ಸಂಜೆ ದನಕ್ಕೆ ಹಾಕುತ್ತೇವೆ. ಬೇಡ ಅನ್ನುವವರು ಹೇಳಿ.’ ಯಾರೂ ಬೇಡ ಅನ್ನಲಿಲ್ಲ. ಆದರೆ ಒಬ್ಬ ಹಿರಿಯರು ಬೋರ್ಡ್ ಓದಿ, ‘ಇದನ್ನ ನೀವು ಮೊದಲೇ ಹಾಕಬೇಕಿತ್ತು ನೋಡ್ರಿ’ ಎಂದರು. ಅವರ ಮಾತು ನಿಜವೇ.

ಆ ದಿನ ನಾನೊಂದು ಕಲಿತೆ. ನಾನು ಬೇಗ ಉತ್ತರ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ದೊಡ್ಡವರು ಉತ್ತರ ಹೇಳಿದ ಕೂಡಲೇ ಮಕ್ಕಳು ಯೋಚನೆ ಬಿಟ್ಟುಬಿಡುತ್ತಾರೆ. ಈಗ ಯಾರಾದರೂ ಏನಾದರೂ ಕೇಳಿದರೆ ‘ನಿನಗ ಹಂಗ್ಯಾಕ ಅನಿಸ್ತು?’ ಎನ್ನುತ್ತೇನೆ. ಆಮೇಲೆ ‘ಇದಕ್ಕ ಒಪ್ಪದವರು ಯಾರು?’ ಎನ್ನುತ್ತೇನೆ. ಜಾಸ್ತಿ ಏನೂ ಮಾಡುವುದಿಲ್ಲ.

ಗಿರಣಿಗೆ ಬರುವ ಒಬ್ಬ ಶಾಲೆಯ ಮೇಡಂ ಇದನ್ನೆಲ್ಲ ಕೇಳಿ, ಹೀಗೆ ಮಾಡಿಸುವ ಶಾಲೆಗಳು ಹೊರದೇಶದಲ್ಲಿ ಬಹಳ ಇವೆ ಎಂದರು. ಅಮೆರಿಕದಲ್ಲಿ ಮ್ಯಾಥ್ಯೂ ಲಿಪ್‌ಮನ್ ಎಂಬ ಪ್ರೊಫೆಸರ್ ಇದ್ದರಂತೆ. ಕಾಲೇಜು ಹುಡುಗರಿಗೆ ತತ್ವಶಾಸ್ತ್ರ ಕಲಿಸುತ್ತಿದ್ದರು. ಯೋಚಿಸುವುದನ್ನು ಕಾಲೇಜಿನಲ್ಲಿ ಶುರು ಮಾಡಿದರೆ ತಡವಾಯಿತು, ಚಿಕ್ಕಂದಿನಿಂದಲೇ ರೂಢಿ ಮಾಡಿಸಬೇಕು ಎಂದು ಅವರಿಗೆ ಅನ್ನಿಸಿತು. 1974ರಲ್ಲಿ ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು. ಮಕ್ಕಳು ದುಂಡಗೆ ಕೂಡುತ್ತಾರೆ. ಒಂದು ಕಥೆ ಓದುತ್ತಾರೆ. ಪ್ರಶ್ನೆಯನ್ನು ಮಕ್ಕಳೇ ಆರಿಸುತ್ತಾರೆ. ಟೀಚರ್ ಉತ್ತರ ಹೇಳುವುದಿಲ್ಲ, ಮಾತು ದಾರಿ ತಪ್ಪದಂತೆ ನೋಡಿಕೊಳ್ಳುತ್ತಾರೆ ಅಷ್ಟೇ.

ಇದರಿಂದ ಮಾರ್ಕ್ಸ್ ಜಾಸ್ತಿ ಬರುತ್ತಾ ಎಂದು ನಾನೇ ಕೇಳಿದೆ. ತಂದೆತಾಯಿ ಮೊದಲು ಕೇಳುವುದು ಅದನ್ನೇ ಅಲ್ವಾ? ಇಂಗ್ಲೆಂಡಿನಲ್ಲಿ 48 ಶಾಲೆಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದರಂತೆ. 2015ರ ವರದಿಯಲ್ಲಿ ಓದು ಮತ್ತು ಗಣಿತ ಸ್ವಲ್ಪ ಸುಧಾರಿಸಿತು ಎಂದು ಬಂತು. ಆಮೇಲೆ ಇನ್ನೂ ಹೆಚ್ಚು ಶಾಲೆಗಳಲ್ಲಿ ನೋಡಿದಾಗ ಓದಿನ ಅಂಕದಲ್ಲಿ ಅಂಥ ಫರಕು ಕಾಣಲಿಲ್ಲ. ಅದು 2021ರ ವರದಿ. ಮೇಡಂ ಎರಡನ್ನೂ ಮುಚ್ಚಿಡದೆ ಹೇಳಿದ್ದು ನನಗೆ ಬಹಳ ಹಿಡಿಸಿತು. ಅಂಕಕ್ಕೋಸ್ಕರ ಇದನ್ನು ಮಾಡಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನನ್ನ ಕಾರಣವೇ ಬೇರೆ.

ನಮ್ಮದು ಹಳೇ ಬಾಗಲಕೋಟೆ. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದಾಗ ನಾನಿನ್ನೂ ಹುಟ್ಟಿರಲಿಲ್ಲ. ಹಿನ್ನೀರು ನಮ್ಮ ಓಣಿಯ ತನಕ ಬರುವ ಹೊತ್ತಿಗೆ ನನಗೆ ಮದುವೆಯಾಗಿ ಒಬ್ಬ ಮಗನಿದ್ದ. ಮನೆ ಬಿಡುವ ದಿನ ಟ್ರ್ಯಾಕ್ಟರಿಗೆ ಸಾಮಾನು ಏರಿಸುತ್ತಿದ್ದೆವು. ಮಗನಿಗೆ ಒಂಬತ್ತು ವರ್ಷ. ಅವನು ಬಂದು ಕೇಳಿದ. ‘ಅವ್ವಾ, ನಾವೇನ ತಪ್ಪು ಮಾಡೀವಿ?’

‘ಬಾಯಿ ಮುಚ್ಚಿ ಆ ಕೊಡ ಎತ್ತು’ ಎಂದೆ.

ನನಗೂ ಅಳು ಬರುತ್ತಿತ್ತು. ಉತ್ತರ ಗೊತ್ತಿರಲಿಲ್ಲ. ಆದರೆ ಆ ಹುಡುಗ ಊರು ಬಿಡುವುದನ್ನು ಒಂದು ಶಿಕ್ಷೆ ಎಂದುಕೊಂಡಿದ್ದ. ಇಲ್ಲ ಮಗಾ, ನಾವು ಏನೂ ತಪ್ಪು ಮಾಡಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವನು ಮತ್ತೆ ಕೇಳಲಿಲ್ಲ. ಈಗ ಅವನಿಗೆ 33 ವರ್ಷ. ಹಳೇ ಮನೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

ಹೋದ ಹೋಳಿಗೆ ಮೊಮ್ಮಗಳನ್ನು ಕರೆದುಕೊಂಡು ಹಳೇ ಊರಿಗೆ ಹೋಗಿದ್ದೆವು. ನಮ್ಮೂರ ಹೋಳಿ ಅಂದರೆ ಹಲಗೆಯ ಸದ್ದು ಕೇಳದೆ ಮನಸ್ಸು ನಿಲ್ಲುವುದಿಲ್ಲ. ಬರುವಾಗ ಹಿನ್ನೀರು ತೋರಿಸಿ, ನಮ್ಮ ಮನೆ ಆ ಕಡೆ ಇತ್ತು ಎಂದೆ. ಅವಳಿಗೆ ಎಂಟು ವರ್ಷ. ‘ಆಯಿ, ನಿಮ್ಮ ಮನಿ ಯಾಕ ಮುಳುಗಿಸಿದ್ರು?’ ಎಂದಳು.

ಈ ಸಲ ಬಾಯಿ ಮುಚ್ಚು ಎನ್ನಲಿಲ್ಲ. ನನಗೆ ತಿಳಿದಷ್ಟು ಹೇಳಿದೆ. ಈ ನೀರಿನಿಂದ ಕರೆಂಟ್ ಮಾಡುತ್ತಾರೆ. ಕಾಲುವೆಗೆ ಬಿಡುತ್ತಾರೆ. ವಿಜಯಪುರ ಕಡೆಯ ಒಣಭೂಮಿಗೆ ನೀರು ಎತ್ತಿ ಕೊಡುತ್ತಾರೆ. ನನ್ನ ತಂಗಿಯನ್ನು ಕೊಟ್ಟಿದ್ದು ಬಸವನ ಬಾಗೇವಾಡಿ ಕಡೆಯ ಹಳ್ಳಿಗೆ. ಅವರ ಹೊಲಕ್ಕೂ ಈಗ ನೀರು ಬಂದಿದೆ.

‘ಹಂಗಾದ್ರ ಸಣ್ಣಾಯಿ ಮನಿಯವರು ನಿಮಗ ಥ್ಯಾಂಕ್ಸ್ ಹೇಳ್ಯಾರೇನ?’

ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು. ಒಬ್ಬಳ ಮನೆ ಹೋಯಿತು, ಒಬ್ಬಳ ಹೊಲ ಹಸಿರಾಯಿತು. ಇಪ್ಪತ್ತು ವರ್ಷದ ಮೇಲಾಯಿತು, ಈ ಎರಡನ್ನೂ ಜೋಡಿಸಿ ನಾವು ಅಕ್ಕತಂಗಿ ಒಂದು ಮಾತೂ ಆಡಿರಲಿಲ್ಲ. ಅವತ್ತು ರಾತ್ರಿ ತಂಗಿಗೆ ಫೋನ್ ಹಚ್ಚಿದೆ. ಹುಡುಗಿ ಕೇಳಿದ್ದನ್ನು ಹೇಳಿದೆ. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಕ್ಕಾ, ನೀರು ಬರೂ ಮೊದಲು ನನ್ನ ಮೈದುನ ವರ್ಷಾ ದುಡಿಯಾಕ ಗೋವಾಕ್ಕ ಹೋಗತಿದ್ದ. ಈಗ ಊರಾಗ ಅದಾನ. ನಿನ್ನ ಮನಿ ನೆನಪಾಗತಿತ್ತು. ಹ್ಯಾಂಗ ಹೇಳಬೇಕು ಗೊತ್ತಾಗಲಿಲ್ಲ’ ಎಂದಳು. ಮೊಮ್ಮಗಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಫೋನ್ ಇಟ್ಟ ಮೇಲೆ ಅವಳ ಇನ್ನೊಂದು ಪ್ರಶ್ನೆ ಬಂತು. ‘ಒಂದು ಮನಿ ಮುಳುಗಬೇಕಾದ್ರ ಎಷ್ಟು ಮಂದಿಗೆ ನೀರು ಸಿಗಬೇಕು ಆಯಿ?’

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇದ್ದರೂ ಅವಳಿಗೆ ಪಟ್ಟನೆ ಕೊಡುತ್ತಿರಲಿಲ್ಲ. ಆದರೆ ಅದುವರೆಗೆ ಮೂಲೆಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದ ನನ್ನ ಮಗ ತಲೆ ಎತ್ತಿದ. ‘ನಮ್ಮ ಅಂಗಳದಾಗ ಒಂದು ಬೇವಿನ ಗಿಡ ಇತ್ತು’ ಎಂದು ಮಗಳಿಗೆ ಹೇಳಲು ಶುರು ಮಾಡಿದ. ಊಟ ಮುಗಿದ ಮೇಲೂ ಹೇಳುತ್ತಲೇ ಇದ್ದ.

ಈಗ ಅಣೆಕಟ್ಟೆಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಎಕರೆಗೆ ನೀರಾವರಿ ಭೂಮಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಪರಿಹಾರ ಗೊತ್ತು ಮಾಡಿತು. ನಿಮ್ಮ ಪತ್ರಿಕೆಯಲ್ಲೂ ಬಂತು. ದುಡ್ಡಿನ ಲೆಕ್ಕ ಬೇಕು, ಬೇಡ ಎನ್ನುವುದಿಲ್ಲ. ಆದರೆ ಇನ್ನೊಂದಿಷ್ಟು ಊರುಗಳಲ್ಲಿ ಮಕ್ಕಳು ಅವ್ವನ ಸೆರಗು ಹಿಡಿದು ನನ್ನ ಮಗ ಕೇಳಿದ್ದನ್ನೇ ಕೇಳುತ್ತಾರೆ. ಅವರ ಅವ್ವಂದಿರು ನನ್ನಂತೆ ಗದರಿಸಿ ಸುಮ್ಮನಾಗಿಸಬಾರದು ಎಂಬುದೇ ಈ ಪತ್ರ ಬರೆಯಲು ದೊಡ್ಡ ಕಾರಣ.

ಇದೆಲ್ಲ ಸಲೀಸಲ್ಲ ಎಂಬುದೂ ಗೊತ್ತು. ನಾಲ್ಕು ತಿಂಗಳ ಹಿಂದೆ ಒಬ್ಬ ಹುಡುಗನ ಅಪ್ಪ ಸಿಟ್ಟಿನಿಂದ ಗಿರಣಿಗೆ ಬಂದರು. ಬಸ್ಸಿನಲ್ಲಿ 12 ವರ್ಷದ ತನಕ ಅರ್ಧ ಟಿಕೆಟ್. ಹುಡುಗನಿಗೆ 13 ತುಂಬಿದೆ. ಕೇಳಿದರೆ 11 ಎನ್ನು ಎಂದು ಅಪ್ಪ ಹೇಳಿಕೊಟ್ಟಿದ್ದರು. ಹುಡುಗ ಕಂಡಕ್ಟರ್ ಮುಂದೆ 13 ಎಂದುಬಿಟ್ಟ. ಬಸ್ಸಿನ ತುಂಬ ಜನ ನೋಡಿದರು. ‘ನಿಮ್ಮ ಗಿರಣಿಯಾಗ ಕೂತು ಎದುರು ಮಾತಾಡೂದ ಕಲ್ತಾನ’ ಎಂದು ಅಪ್ಪ ನನ್ನನ್ನು ಬೈದರು.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ದಿನಗೂಲಿಯ ಮನುಷ್ಯ. ಅರ್ಧ ಟಿಕೆಟ್ ಉಳಿದರೆ ಅವರಿಗೆ ಅದು ಸಣ್ಣ ಮಾತಲ್ಲ. ಕೂಡಿಸಿ ಚಹಾ ಕೊಟ್ಟೆ. ‘ಕೈಯಾಗ ರೊಕ್ಕ ಇರಲಿಲ್ಲ ಅನ್ನೂದು ಖರೇ ಐತಲ್ರಿ? ಅದನ್ನ ಹುಡುಗನಿಗೆ ಹೇಳ್ರಿ. ಸುಳ್ಳು ಹೇಳು ಅನ್ನೂಕಿಂತ ಅದು ಅವನಿಗೆ ತಿಳಿತೈತಿ’ ಎಂದೆ. ಅವರು ಒಪ್ಪಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಚಹಾ ಕುಡಿದು ಹೋದರು. ಹುಡುಗ ಮಾತ್ರ ಈಗಲೂ ಬರುತ್ತಾನೆ. ಬಂದ ಮೊದಲ ದಿನವೇ ಬೇರೆ ಪ್ರಶ್ನೆ ತಂದ. ಶಕ್ತಿ ಯೋಜನೆ ಬಂದ ಮೇಲೆ ಅವನ ಅಕ್ಕನಿಗೆ ಬಸ್ ಫ್ರೀ. ‘ಅಕ್ಕಗ ಫ್ರೀ, ನನಗ ಪೂರಾ ಟಿಕೆಟ್. ಇದು ಸಮಾನತೆ ಹ್ಯಾಂಗ ಆಗ್ತೈತಿ?’ ಹುಡುಗರೆಲ್ಲ ಅವನ ಕಡೆ, ಹುಡುಗಿಯರೆಲ್ಲ ಆ ಕಡೆ. ಒಬ್ಬಳು ಮಾತ್ರ ಮೆಲ್ಲಗೆ, ‘ಬಸ್ ಫ್ರೀ ಆದ ಮ್ಯಾಲ ನನ್ನ ಅವ್ವ ಒಬ್ಬಾಕಿನ ತವರಮನಿಗೆ ಹೋಗಿ ಬಂದಳು. ಮೊದಲು ರೊಕ್ಕಕ್ಕ ಅಪ್ಪನ್ನ ಕೇಳಬೇಕಿತ್ತು’ ಎಂದಳು. ಆ ಹುಡುಗ ಆ ಮಾತಿಗೆ ಏನೂ ಅನ್ನಲಿಲ್ಲ. ಯೋಚನೆ ಮಾಡುತ್ತ ಕೂತ. ಅಷ್ಟರಲ್ಲಿ ಕರೆಂಟ್ ಬಂತು.

ಎಲ್ಲವನ್ನೂ ಮಕ್ಕಳಿಗೇ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಒಮ್ಮೆ ಇಬ್ಬರು ನಾಯಿಮರಿಯ ಬಾಲಕ್ಕೆ ಡಬ್ಬಿ ಕಟ್ಟುತ್ತಿದ್ದರು. ಆಗ ‘ನಿನಗ ಏನ ಅನಿಸ್ತೈತಿ’ ಎಂದು ಕೇಳುತ್ತ ಕೂಡಲಿಲ್ಲ. ಮೊದಲು ಬಿಚ್ಚಿಸಿದೆ. ಮಾತು ಆಮೇಲೆ.

ಇನ್ನೊಂದು ಹೇಳಬೇಕು. ಬಸವಣ್ಣನವರು ಹುಟ್ಟಿದ್ದು ಇಲ್ಲೇ ಬಾಗೇವಾಡಿ ಕಡೆ. ಐಕ್ಯವಾದದ್ದು ನಮ್ಮ ಜಿಲ್ಲೆಯ ಕೂಡಲಸಂಗಮದಲ್ಲಿ. ಎಂಟು ವರ್ಷದ ಹುಡುಗನಿದ್ದಾಗ ಜನಿವಾರದ ಹೊತ್ತಿಗೆ, ಅಕ್ಕನಿಗೆ ಯಾಕಿಲ್ಲ ಎಂದು ಕೇಳಿದರು ಎಂಬ ಕಥೆಯನ್ನು ನಮ್ಮ ಕಡೆ ಮನೆಮನೆಯಲ್ಲಿ ಹೇಳುತ್ತಾರೆ. ಆ ಬಾಲಕನಿಗೆ ಕೈ ಮುಗಿಯುತ್ತೇವೆ. ನಮ್ಮ ಮನೆಯ ಎಂಟು ವರ್ಷದವರು ಅಂಥದ್ದೇ ಕೇಳಿದರೆ? ಬಸವ ಜಯಂತಿಗೆ ವಚನ ಹೇಳಿ ಸ್ಟೀಲ್ ತಟ್ಟೆ ಬಹುಮಾನ ತಂದ ಒಬ್ಬ ಹುಡುಗ ನನ್ನ ಕಿವಿಯಲ್ಲಿ ಹೇಳಿದ. ‘ನಮ್ಮ ಮನಿಯಾಗ ಕೆಲಸಕ್ಕ ಬಂದವರಿಗೆ ಬ್ಯಾರೆ ಕಪ್ ಐತಿ. ಯಾಕ ಅಂದದ್ದಕ್ಕ ಅವ್ವ ಹೊಡದ್ಳು.’ ಎಲ್ಲರ ಮುಂದೆ ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ನನ್ನ ತವರಿನಲ್ಲೂ ಅಂಥ ಕಪ್ ಇತ್ತು. ಹಿತ್ತಲ ಮಾಡದಲ್ಲಿ ಬೋರಲು ಹಾಕಿರುತ್ತಿದ್ದರು. ದಿನಾ ನೋಡುತ್ತಿದ್ದೆ. ಒಂದು ದಿನವೂ ನಾನು ಯಾಕೆ ಎಂದು ಕೇಳಲಿಲ್ಲ. ‘ನೀ ಕೇಳಿದ್ದು ಸರಿ ಐತಿ. ನಾ ಸಣ್ಣಾಕಿ ಇದ್ದಾಗ ಕೇಳಬೇಕಿತ್ತು, ಕೇಳಲಿಲ್ಲ’ ಎಂದು ಅವನಿಗೆ ಹೇಳಿದೆ. ಇಂಥ ಪ್ರಶ್ನೆಗೆ ಉತ್ತರ ಇಲ್ಲ ಎಂದು ನಾನು ನಟಿಸುವುದಿಲ್ಲ. ಇದಕ್ಕೆ ಉತ್ತರ ಇದೆ. ಆ ಕಪ್ ಇರಬಾರದು.

ಸಂಪಾದಕರೇ, ನಿಮ್ಮ ಪುಟ ನಮ್ಮ ಗಿರಣಿಗಿಂತ ದೊಡ್ಡದು. ಎಷ್ಟೋ ಮನೆಗಳಿಗೆ ಹೋಗುತ್ತದೆ. ವಾರಕ್ಕೆ ಒಂದು ಪ್ರಶ್ನೆ ಹಾಕಿ. ಮುಂದಿನ ವಾರ ಮಕ್ಕಳು ಬರೆದು ಕಳಿಸಿದ ಮಾತುಗಳನ್ನು ಹಾಕಿ. ಒಂದಕ್ಕೊಂದು ಒಪ್ಪದ ಮಾತುಗಳನ್ನು ಅಕ್ಕಪಕ್ಕ ಹಾಕಿ. ಬಹುಮಾನ ಇಡಬೇಡಿ, ಬಹುಮಾನ ಇಟ್ಟರೆ ನಿಮಗೆ ಹಿಡಿಸುವ ಉತ್ತರವನ್ನೇ ಬರೆದು ಕಳಿಸುತ್ತಾರೆ. ಹಳ್ಳಿಗಳಲ್ಲಿ ಈಗ ಅರಿವು ಕೇಂದ್ರ ಎಂಬ ಪಂಚಾಯಿತಿ ಗ್ರಂಥಾಲಯಗಳಿವೆ. ಸರಕಾರಿ ಶಾಲೆಗಳಲ್ಲಿ ತಿಂಗಳಿಗೊಂದು ಶನಿವಾರ ಬ್ಯಾಗ್ ಇಲ್ಲದ ದಿನ ಇದೆ. ಅಲ್ಲಿ ನಿಮ್ಮ ಪುಟ ಹಿಡಿದು ಒಂದು ತಾಸು ದುಂಡಗೆ ಕೂತರೆ ಸಾಕು. ಖರ್ಚು ಇಲ್ಲ. ಹೊಸ ಪುಸ್ತಕ ಬೇಡ. ಮಧ್ಯಾಹ್ನದ ಊಟದಲ್ಲಿ ಮೊಟ್ಟೆ ತಿನ್ನುವವರು, ಬಾಳೆಹಣ್ಣು ತಿನ್ನುವವರು ಬೇರೆ ಬೇರೆ ಕೂಡಬೇಕಾ ಎಂದು ಕೇಳಿದರೂ ಒಂದು ತಾಸು ಸಾಲುವುದಿಲ್ಲ.

ಮೊದಲ ವಾರಕ್ಕೆ ಯಾವ ಪ್ರಶ್ನೆ ಎಂದು ಗಿರಣಿಯ ಮಕ್ಕಳನ್ನೇ ಕೇಳಿದೆ. ಬಹಳ ಜಗಳವಾಗಿ ಒಂದನ್ನು ಆರಿಸಿದ್ದಾರೆ. ಅವರ ಮಾತಿನಲ್ಲೇ ಬರೆಯುತ್ತೇನೆ, ತಿದ್ದಬೇಡಿ.

‘ನನ್ನ ಗೆಳೆಯ ತಪ್ಪು ಮಾಡಿದ್ದನ್ನ ನಾ ನೋಡೀನಿ. ಟೀಚರ್ ನನ್ನ ಕೇಳಿಲ್ಲ. ಬ್ಯಾರೆ ಹುಡುಗಗ ಬೈಸಿಗೊಳ್ಳೂದು ಬಂದೈತಿ. ನಾ ಹೇಳಿದ್ರ ಗೆಳೆಯ ಹೋಗ್ತಾನ. ಹೇಳಲಿಲ್ಲ ಅಂದ್ರ ಏನ ಹೋಗ್ತೈತಿ?’

ಇಂತಿ ನಿಮ್ಮ ಪತ್ರಿಕೆ ಓದುವ,
ಹಿಟ್ಟಿನ ಗಿರಣಿಯ ಆಯಿ,
ನವನಗರ, ಬಾಗಲಕೋಟೆ